ಬೆಣ್ಣೆ ಬಣ್ಣದ ಚುಕ್ಕಿಗಳು

ಆ ವಾಚು ಗಂಗಾವತಿಯ ನಮ್ಮ ರಿಪೇರಿ ಅಂಗಡಿಗೆ ಬಂದದ್ದು ಒಂದು ಟವೆಲ್ಲಿನಲ್ಲಿ ಸುತ್ತಿಕೊಂಡು. ಕುಷ್ಟಗಿಯಲ್ಲಿ ಗ್ರಾನೈಟ್ ಕ್ವಾರಿ ಇಟ್ಟಿರುವ ಸಾಹುಕಾರರು ನಮ್ಮ ಬೀದಿಯ ಬಾಯಲ್ಲಿ ಕಾರು ನಿಲ್ಲಿಸಿ, ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ಅಣ್ಣನ ಮುಂದೆ ಬಿಚ್ಚಿಟ್ಟರು. ವಾಚಿನ ಗಾಜಿನ ಒಳಗೆ ಮಂಜು ಕಟ್ಟಿತ್ತು. ಮಂಜಿನ ಹಿಂದೆ ಕರಿಯ ಡಯಲ್, ಅದರ ಸುತ್ತ ಬೆಣ್ಣೆ ಬಣ್ಣದ ಚುಕ್ಕಿಗಳು.

"ತ್ವಾಟದ ಬಾವ್ಯಾಗ ಜಿಗದಿದ್ದೆ," ಅಂದರು ಸಾಹುಕಾರರು. "ಎಷ್ಟೊತ್ತು ಉಸಿರು ಹಿಡೀತೀನಿ ನೋಡೂಣು ಅಂತ ನೀರಾಗ ಈ ಗುಂಡಿ ಒತ್ತಿದೆ. ಮ್ಯಾಲೆ ಬಂದು ನೋಡಿದ್ರ ಹಿಂಗಾಗೈತಿ."

ಅಣ್ಣ ವಾಚನ್ನು ಕಿವಿಗೆ ಹಿಡಿದು ಕೇಳಿದ. "ಸಮುದ್ರದಾಗ ಮುಳುಗೋರು ಕಟ್ಟಿಕೊಳ್ಳೋ ವಾಚಲ್ಲೇನ್ರಿ ಇದು? ಬಾವಿ ನೀರಿಗೆ ಸೋತುಬಿಡ್ತೇನು?"

"ಸಮುದ್ರ ಎಲ್ಲಿಂದ ತರ್ಲಿ ಮಾರಾಯ್ರ ಕುಷ್ಟಗಿಗೆ? ನನಗ ನಮ್ಮ ಬಾವೀನ ಸಮುದ್ರ."

ಅದು ಸ್ವಿಸ್ ವಾಚು. ಹೊತ್ತು ತೋರಿಸುವುದರ ಜೊತೆಗೆ ಸ್ಟಾಪ್ ವಾಚಿನ ಕೆಲಸವನ್ನೂ ಮಾಡುತ್ತದೆ. ಮೇಲಿನ ಗುಂಡಿ ಒತ್ತಿದರೆ ನಡುವಿನ ಉದ್ದ ಮುಳ್ಳು ಓಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಕೆಳಗಿನ ಗುಂಡಿ ಒತ್ತಿದರೆ ಹನ್ನೆರಡಕ್ಕೆ ಹಾರಿ ಬರುತ್ತದೆ. ಎರಡೂ ಗುಂಡಿಗಳ ಸುತ್ತ ಒಂದೊಂದು ಸಣ್ಣ ತಿರುಪಿನ ಬಳೆ. ನೀರಿಗೆ ಇಳಿಯುವ ಮೊದಲು ಅವನ್ನು ಬಿಗಿಯಾಗಿ ತಿರುಗಿಸಬೇಕು, ನೀರಿನಲ್ಲಿ ಮುಟ್ಟಬಾರದು. ಸಾಹುಕಾರರು ಬಾವಿಯೊಳಗೇ ಸಡಿಲ ಮಾಡಿ ಒತ್ತಿದ್ದರು.

ಅವರ ಮನೆಯಲ್ಲಿ ವಾಚುಗಳಿಗೇ ಒಂದು ಕಪಾಟು ಇತ್ತು. ಕಲ್ಲಿನ ವ್ಯಾಪಾರಕ್ಕೆಂದು ಪರದೇಶಕ್ಕೆ ಹೋದಾಗಲೆಲ್ಲ ಒಂದು ತರುತ್ತಿದ್ದರು. ಅವರ ತಂದೆಯ ಚಾವಿ ವಾಚೊಂದನ್ನು ಅಣ್ಣ ಹಿಂದೆ ಓಡಿಸಿಕೊಟ್ಟಿದ್ದ, ಆ ನಂಬಿಕೆಯ ಮೇಲೆ ಬಂದಿದ್ದರು. ಕಂಪನಿಗೆ ಕಳಿಸಿದರೆ ತಿಂಗಳುಗಟ್ಟಲೆ ಕಾಯಬೇಕು, ಅಷ್ಟರಲ್ಲಿ ಒಳಗೆ ಜಂಗು ಹಿಡಿಯುತ್ತದೆ ಎಂಬುದು ಅವರಿಗೂ ಗೊತ್ತಿತ್ತು.

"ಆದ್ರ ಒಂದು ಮಾತು," ಅಂದರು ಹೊರಡುವಾಗ. "ನೀವಾ ಮಾಡ್ಬೇಕು. ತಂಗಿ ಕೈಗೆ ಕೊಡಬ್ಯಾಡ್ರಿ."

ನಾನು ಅಲ್ಲೇ ಅಣ್ಣನ ಪಕ್ಕದ ಸ್ಟೂಲಿನ ಮೇಲೆ ಕೂತು ಯಾರದೋ ಸೆಲ್ ವಾಚಿನ ಬೆನ್ನು ತೆಗೆಯುತ್ತಿದ್ದೆ. ಸಾಹುಕಾರರ ಮಾತಿನಲ್ಲಿ ಕೆಟ್ಟತನ ಇರಲಿಲ್ಲ. ಊಟಕ್ಕೆ ಕೂತವರು ನನಗೆ ಬದನೆಕಾಯಿ ಬೇಡ ಅನ್ನುವ ಹಾಗೆ ಹೇಳಿದರು.

"ನಾನಾ ಮಾಡ್ತೀನ್ರಿ," ಅಂದ ಅಣ್ಣ. ನನ್ನ ಕಡೆ ನೋಡಲಿಲ್ಲ.

ಸಾಹುಕಾರರಿಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಅಣ್ಣನ ಎರಡೂ ಕಣ್ಣಿಗೆ ಪೊರೆ ಬಂದು ಬಹಳ ದಿನ ಆಗಿತ್ತು. ಆಪರೇಷನ್ ಅಂದರೆ ಹೆದರುತ್ತಿದ್ದ, ಇವತ್ತು ನಾಳೆ ಅನ್ನುತ್ತ ಮುಂದೆ ಹಾಕುತ್ತಿದ್ದ. ಐಗ್ಲಾಸ್ ಎಂಬ ಭೂತಗನ್ನಡಿಯನ್ನು ಕಣ್ಣಿಗೆ ಹಾಕಿಕೊಂಡರೂ ಅವನಿಗೆ ಸಣ್ಣ ಗೆರೆಗಳು ಕಾಣುತ್ತಿರಲಿಲ್ಲ. ಹಾಗಂತ ಅವನ ಕೈ ಮರೆತಿರಲಿಲ್ಲ. ಚಿಮಟಿಯ ತುದಿಯಲ್ಲಿ ಸ್ಕ್ರೂ ಹಿಡಿದರೆ ಅದು ಯಾವ ಜಾಗದ್ದು ಎಂದು ತೂಕದಲ್ಲೇ ಹೇಳುತ್ತಿದ್ದ. ನಾವು ಒಂದು ಪದ್ಧತಿ ಮಾಡಿಕೊಂಡಿದ್ದೆವು. ಅವನು ಕೈ, ನಾನು ಕಣ್ಣು. ಅವನು ಕೆಲಸ ಮಾಡುತ್ತ ಮೆಲ್ಲಗೆ "ಹೇಳು" ಅನ್ನುತ್ತಿದ್ದ. ನಾನು ಬಗ್ಗಿ ನೋಡಿ, "ಒಂದು ಕೂದಲು ಎಡಕ್ಕ," ಅನ್ನುತ್ತಿದ್ದೆ. ಗಿರಾಕಿಗಳಿಗೆ ಕೇಳಿಸದಂತೆ ಮಾತಾಡುತ್ತಿದ್ದೆವು. ಅಣ್ಣ ತಂಗಿ ಮನೆಯ ಮಾತು ಆಡುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು ಜನ.

ಅಣ್ಣ "ನಾನಾ" ಅಂದಾಗ ಆ ಮಾತಿನಲ್ಲಿ ನಾನೂ ಇದ್ದೆ ಎಂದು ಈಗ ಅನಿಸುತ್ತದೆ. ಆವತ್ತು ಹಾಗೆ ಅನಿಸಲಿಲ್ಲ. ನನ್ನ ತಂಗಿಯ ಕೈ ಛಲೋ ಐತ್ರಿ ಅಂತ ಒಂದು ಮಾತು ಹೇಳಬಹುದಿತ್ತು ಅನಿಸಿತು. ಆ ಸಣ್ಣ ಸಿಟ್ಟು ಇಟ್ಟುಕೊಂಡೇ ಕೆಲಸಕ್ಕೆ ಕೂತೆ.

ಮೊದಲು ಬೆನ್ನಿನ ಮುಚ್ಚಳ ತೆಗೆಯಬೇಕು. ಅದು ತಿರುಪಿನ ಮುಚ್ಚಳ, ನಮ್ಮ ಹತ್ತಿರ ಇದ್ದ ಯಾವ ಉಪಕರಣದ ಹಲ್ಲೂ ಅದಕ್ಕೆ ಕೂಡಲಿಲ್ಲ. ಜಾರಿದರೆ ಗೀರು ಬೀಳುತ್ತದೆ. ಅಣ್ಣ ಒಂದು ಹಳೆಯ ರಬ್ಬರ್ ಚೆಂಡನ್ನು ಮುಚ್ಚಳದ ಮೇಲೆ ಒತ್ತಿ ಹಿಡಿದು, ಮೈ ಭಾರವನ್ನೆಲ್ಲ ಅಂಗೈಗೆ ತಂದು ತಿರುಗಿಸಿದ. ಬಿಚ್ಚಿಕೊಂಡಿತು. ಒಳಗೆ ನೀರು ಹನಿಯಾಗಿ ನಿಂತಿತ್ತು.

ಎದುರಿಗೆ ಬಳೆ ಅಂಗಡಿಯ ಆಪಾ ಕೂತಿದ್ದಳು. ನಮ್ಮ ಬೀದಿ ಎಷ್ಟು ಸಣ್ಣದೆಂದರೆ ಅವಳು ಅಲ್ಲಿ ಬಳೆ ಎಣಿಸಿದರೆ ನಮಗೆ ಕೇಳಿಸುತ್ತದೆ. "ಅಕ್ಕಿ ಡಬ್ಬ್ಯಾಗ ಇಡು ಭಾಯಿ," ಅಂತ ಕೂಗಿದಳು. "ನನ್ನ ಮೊಬೈಲ್ ನೀರಿಗೆ ಬಿದ್ದಾಗ ಅಕ್ಕ್ಯಾಗ ಇಟ್ಟಾ ಉಳಿಸ್ಕೊಂಡೆ."

"ಅಕ್ಕಿ ಹಿಟ್ಟು ಚಕ್ರದ ಹಲ್ಲಿನ ಸಂದ್ಯಾಗ ಕುಂತ್ರ ಇದು ನಡೆಯಂಗಿಲ್ಲ ಆಪಾ, ಇಡ್ಲಿ ಆಗತೈತಿ," ಅಂದ ಅಣ್ಣ. ಆಪಾ ನಕ್ಕಳು. ನಾನೂ ನಕ್ಕೆ.

ಗುಂಡು ಬಲ್ಬಿನ ಕೆಳಗೆ ದೂರದಲ್ಲಿಟ್ಟು ಮೆಲ್ಲಗೆ ಕಾಯಿಸಿದೆವು. ಮುಳ್ಳುಗಳನ್ನು ಒಂದೊಂದಾಗಿ ಎತ್ತಿದೆವು. ನಡುವಿನ ಮೂರು, ಡಯಲಿನೊಳಗಿನ ಸಣ್ಣ ವೃತ್ತಗಳಲ್ಲಿರುವವು ಬೇರೆ. ಡಯಲ್ ಬಿಚ್ಚಿ ಬೇರೆ ಇಟ್ಟೆವು. ಮಷಿನ್ ಅಣ್ಣನ ಮುಂದೆ, ಡಯಲ್ ಮತ್ತು ಹೊರಗಿನ ಕವಚ ನನ್ನ ಮುಂದೆ.

ಉದ್ದ ಮುಳ್ಳನ್ನು ಹನ್ನೆರಡಕ್ಕೆ ತಂದು ಬಿಡುವ ಒಂದು ಸಣ್ಣ ಸುತ್ತಿಗೆಯಂಥ ತುಂಡು ಇರುತ್ತದೆ. ಅದು ಹೋಗಿ ಬಡಿಯುವ ಚಕ್ರ ಎಲೆಯ ಆಕಾರದಲ್ಲಿರುತ್ತದೆ. ಎಲ್ಲಿ ಬಡಿದರೂ ಆ ಎಲೆ ತಿರುಗಿ ಒಂದೇ ಜಾಗದಲ್ಲಿ ನಿಲ್ಲಬೇಕು. ಸುತ್ತಿಗೆಯ ಮೂತಿಗೆ ಜಂಗು ಹತ್ತಿತ್ತು, ಅದಕ್ಕೇ ಮುಳ್ಳು ಅರ್ಧದಲ್ಲಿ ನಿಲ್ಲುತ್ತಿತ್ತು. ಅಣ್ಣ ಅದನ್ನು ಬಿಚ್ಚಿ, ಎಣ್ಣೆ ಹಚ್ಚಿದ ಸಾಣೆಕಲ್ಲಿನ ಮೇಲೆ ಉಸಿರು ಬಿಟ್ಟಷ್ಟು ಮೆಲ್ಲಗೆ ಎಳೆದ. ಜಾಸ್ತಿ ಎಳೆದರೆ ತುಂಡು ಸಣ್ಣದಾಗುತ್ತದೆ, ಆಮೇಲೆ ಎಂದೂ ಸರಿಯಾಗಿ ಬಡಿಯುವುದಿಲ್ಲ. ಒಂದು ಸಲ ಎಳೆದು, ಉಗುರಿನ ಮೇಲೆ ಆಡಿಸಿ ನೋಡುತ್ತಿದ್ದ. "ಹೇಳು." "ಇನ್ನೂ ಒಂದು ಕಂದು ಚುಕ್ಕಿ ಐತಿ, ಮೂತಿಯ ಒಳಬದಿಗೆ." ಮತ್ತೆ ಎಳೆಯುತ್ತಿದ್ದ. ಉಳಿದ ತುಂಡುಗಳನ್ನು ಪೆಟ್ರೋಲಿನ ಬಟ್ಟಲಲ್ಲಿ ಅದ್ದಿ ತೊಳೆದು ಸಾಲಾಗಿ ಇಡುತ್ತಿದ್ದ.

ನನ್ನ ಕೆಲಸ ಅಷ್ಟು ಸಲೀಸಾಗಿ ಆಗಲಿಲ್ಲ. ಖಾಲಿ ಕವಚವನ್ನು ಮುಚ್ಚಿ ಬಿಸಿನೀರಿನ ಗಾಜಿನ ಬಾಟಲಿಯಲ್ಲಿ ಬಿಟ್ಟೆ. ಎಲ್ಲಿಂದ ಗುಳ್ಳೆ ಏಳುತ್ತದೋ ಅಲ್ಲಿ ತೂತಿದೆ ಎಂದರ್ಥ. ಮೇಲಿನ ಗುಂಡಿಯಿಂದ ಎಳೆಎಳೆಯಾಗಿ ಗುಳ್ಳೆ ಬಂದವು. ಒಳಗಿನ ರಬ್ಬರ್ ರಿಂಗ್ ಹರಿದಿತ್ತು. ಅಳತೆ ಹೇಳಿ ಹುಬ್ಬಳ್ಳಿಯಿಂದ ತರಿಸಿದೆವು. ಬಂದದ್ದು ದಪ್ಪ ಆಯಿತು, ಗುಂಡಿ ಒತ್ತಿದರೆ ವಾಪಸ್ ಬರಲೊಲ್ಲದು. ಮತ್ತೆ ತರಿಸಿದೆವು. ಎರಡನೆಯ ಸಲ ಬಾಟಲಿಯಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ. ಅಷ್ಟೊತ್ತು ನಾನು ಉಸಿರು ಹಿಡಿದಿದ್ದೆ.

ಉಳಿದದ್ದು ಡಯಲ್.

ಅದರ ಚುಕ್ಕಿಗಳು ಕತ್ತಲಲ್ಲಿ ಹೊಳೆಯುವ ಮದ್ದಿನವು. ನಮ್ಮಲ್ಲಿ ಅದಕ್ಕೆ ರೇಡಿಯಂ ಅಂತಲೇ ಹೆಸರು. ಎಂಟರ ಹತ್ತಿರದ ಚುಕ್ಕಿ ನೀರು ಕುಡಿದು ಸಡಿಲವಾಗಿತ್ತು. ಕುಂಚ ಆಡಿಸಿದಾಗ ಎದ್ದು ಬಂದು ಪುಡಿಯಾಯಿತು. ಅಣ್ಣನಿಗೆ ಹೇಳಿದೆ.

"ಅದೊಂದನ್ನ ತುಂಬು," ಅಂದ ಅವನು, ತಲೆ ಎತ್ತದೆ. "ಉಳಿದವಕ್ಕ ಕೈ ಹಚ್ಚಬ್ಯಾಡ. ಬಂದ ಕೆಲಸ ಎಷ್ಟೋ ಅಷ್ಟಾ ಮಾಡೂಣು."

ರೇಡಿಯಂ ತುಂಬುವುದು ನಾನು ಈ ಅಂಗಡಿಯಲ್ಲಿ ಮೊದಲು ಕಲಿತ ಕೆಲಸ. ಏಳನೆಯ ತರಗತಿಗೆ ಸಾಲಿ ಬಿಡಿಸಿ ನನ್ನನ್ನು ಇಲ್ಲಿ ಕೂರಿಸಿದಾಗ ಅಣ್ಣ ಒಂದು ಸೂಜಿ ಕೊಟ್ಟು ಇದನ್ನೇ ಹೇಳಿಕೊಟ್ಟಿದ್ದ. ಈ ಕಡೆ ಮದುವೆಯಲ್ಲಿ ಮಾವ ಕೊಟ್ಟ ವಾಚನ್ನು ಮುದುಕರಾದರೂ ಕಟ್ಟುವವರಿದ್ದಾರೆ. ಶ್ರೀರಾಮನಗರದಿಂದ, ಹುಲಿಹೈದರದಿಂದ ತರುತ್ತಾರೆ. ಅವರೆಲ್ಲ ಹೇಳುವುದು ಒಂದೇ ಮಾತು, ಹೊಸದರಂಗ ಮಾಡಿಕೊಡವ್ವ. ಹಳದಿ ತಿರುಗಿದ ಚುಕ್ಕಿಯನ್ನು ಕೆರೆದು ತೆಗೆಯುವುದು, ಹಾಲಿನಂಥ ಹೊಸ ಮದ್ದು ತುಂಬುವುದು. ಕೊಟ್ಟಾಗ ಅವರ ಮುಖ ಅರಳುವುದನ್ನು ನೋಡಿ ನೋಡಿ, ವಾಚಿನಲ್ಲಿ ಹಳದಿ ಎಂದರೆ ರೋಗ, ಬಿಳಿ ಎಂದರೆ ಆರೋಗ್ಯ ಎಂದು ನನ್ನ ಕಣ್ಣಿಗೆ ರೂಢಿಯಾಗಿತ್ತು.

ಎಂಟರ ಚುಕ್ಕಿಯನ್ನು ತುಂಬಿದೆ. ಒಣಗಿದ ಮೇಲೆ ನೋಡಿದರೆ ಅದೊಂದೇ ಬಿಳಿ, ಉಳಿದವು ಬೆಣ್ಣೆ ಬಣ್ಣ. ಹೊಸ ಹಲ್ಲು ಕಟ್ಟಿಸಿಕೊಂಡವರ ಬಾಯಿಯ ಹಾಗೆ ಕಂಡಿತು. ಮದ್ದಿಗೆ ಸ್ವಲ್ಪ ಹಳದಿ ಬೆರೆಸಿ ಆ ಒಂದನ್ನೇ ಉಳಿದವುಗಳಿಗೆ ಹೊಂದಿಸಬಹುದಿತ್ತು. ಹಾಗೆ ಮಾಡಿದ್ದರೆ ಈ ಕಥೆಯೇ ಇಲ್ಲ. ನನಗೆ ಹೊಳೆಯಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಆದರೆ ಒಳ್ಳೆಯ ಮದ್ದನ್ನು ಮುದಿ ಮಾಡುವುದು ಯಾವ ಕೆಲಸ ಅನಿಸಿತು. ತಂಗಿ ಕೈಗೆ ಕೊಡಬ್ಯಾಡ್ರಿ ಎಂಬ ಮಾತೂ ಕಿವಿಯಲ್ಲೇ ಇತ್ತು. ಸಾಹುಕಾರರು ಬಂದು, ಅರೆ, ಇಷ್ಟು ಛಂದ ಯಾರು ಮಾಡಿದ್ರು ಅಂತ ಕೇಳಬೇಕು. ಆಗ ಅಣ್ಣ ನನ್ನ ಹೆಸರು ಹೇಳಬೇಕು.

ಅಣ್ಣ ಊಟಕ್ಕೆ ಹೋದ ಹೊತ್ತಿನಲ್ಲಿ ಬಿದಿರಿನ ಕಡ್ಡಿಯನ್ನು ಚೂಪು ಮಾಡಿಕೊಂಡು ಎಲ್ಲ ಚುಕ್ಕಿಗಳನ್ನೂ ಕೆರೆದೆ. ಡಯಲಿಗೆ ಒಂದು ಗೀರೂ ಬೀಳಲಿಲ್ಲ. ಮುಳ್ಳುಗಳ ಹೊಟ್ಟೆಯಲ್ಲಿದ್ದದ್ದನ್ನೂ ತೆಗೆದೆ. ಹೊಸ ಮದ್ದು ಕಲಸಿ, ಸೂಜಿಯ ತುದಿಯಿಂದ ಹನಿಹನಿಯಾಗಿ ತುಂಬಿದೆ. ಒಣಗಿದ ಮೇಲೆ ಸೆರಗು ಮುಚ್ಚಿ ಇಣುಕಿ ನೋಡಿದೆ. ಹಸಿರಾಗಿ, ಒಂದೇ ಸಮನೆ ಹೊಳೆದವು. ನನ್ನ ಕೈಯಿಂದ ಅಷ್ಟು ಚೊಕ್ಕ ಕೆಲಸ ಹಿಂದೆ ಆಗಿರಲಿಲ್ಲ.

ಜೋಡಿಸುವ ದಿನ ಅಣ್ಣ ಡಯಲನ್ನು ಕೈಗೆ ತೆಗೆದುಕೊಂಡು ಅಂಚನ್ನು ಬೆರಳಿನಿಂದ ಸವರಿದ. ಮೂಗಿನ ಹತ್ತಿರ ಹಿಡಿದ. ಪೊರೆ ಬಂದ ಕಣ್ಣಿಗೆ ಬಿಳಿಯೂ ಹಳದಿಯಾಗಿಯೇ ಕಾಣುತ್ತದೆ ಎಂದು ಆಮೇಲೆ ಡಾಕ್ಟರು ಹೇಳಿದರು. ಅವನಿಗೆ ಎಲ್ಲ ಮೊದಲಿನಂತೆಯೇ ಕಂಡಿತು.

"ತುಂಬಿದೇನು?"

"ಹೂಂ."

"ಉಳಿದಾವು?"

"ಛಲೋ ಅದಾವಣ್ಣ."

ಹೇಳಿದರೆ ಬೈಯುತ್ತಾನೆ, ಸಾಹುಕಾರರು ಹೊಗಳಿದ ಮೇಲೆ ಹೇಳಿದರಾಯಿತು ಅಂದುಕೊಂಡೆ.

ಉದ್ದ ಮುಳ್ಳನ್ನು ಕೂರಿಸುವುದು ಕಡೆಯ ಕೆಲಸ. ಸುತ್ತಿಗೆ ಎಲೆಯ ಮೇಲೆ ಒತ್ತಿಕೊಂಡಿರುವಾಗಲೇ ಮುಳ್ಳನ್ನು ಸರಿಯಾಗಿ ಹನ್ನೆರಡಕ್ಕೆ ಇಟ್ಟು ಅದುಮಬೇಕು. ಅಣ್ಣ ಇಟ್ಟ. "ಹೇಳು." "ಒಂದು ಕೂದಲು ಬಲಕ್ಕ." ಎತ್ತಿ ಮತ್ತೆ ಇಟ್ಟ. "ಹೇಳು." "ಅರ್ಧ ಕೂದಲು." ಮತ್ತೆ ಇಟ್ಟ. "ಹೇಳು." "ಬಂತು." ಅದುಮಿದ. ಗುಂಡಿ ಒತ್ತಿ ಓಡಿಸಿ, ನಿಲ್ಲಿಸಿ, ಹಾರಿಸಿದ. ಮುಳ್ಳು ಟಕ್ ಅಂತ ಬಂದು ಹನ್ನೆರಡರ ಮೇಲೆ ನಿಂತಿತು. ಅಣ್ಣ ಆ ಸಪ್ಪಳವನ್ನು ಮತ್ತೆ ಮತ್ತೆ ಕೇಳಿದ. ಅವನ ಮುಖದಲ್ಲಿ ಅಂಥ ಖುಷಿಯನ್ನು ನಾನು ಕಂಡದ್ದು ಅದೇ ಕಡೆಯ ಸಲ.

ಸಾಹುಕಾರರು ಬಂದರು. ವಾಚು ಕೈಗೆ ತೆಗೆದುಕೊಂಡರು. ಮೊದಲು ನಕ್ಕರು. ಆಮೇಲೆ ಬಾಗಿಲ ಬೆಳಕಿಗೆ ಹೋಗಿ ಹಿಡಿದರು. ನಾನು ಹೊಗಳಿಕೆಗೆ ಕಾಯುತ್ತಿದ್ದೆ.

"ಇದು ನನ್ನ ವಾಚಲ್ಲ," ಅಂದರು.

"ಯಾಕ್ರಿ ಸಾಹುಕಾರ್ರ?" ಅಣ್ಣ ಎದ್ದು ನಿಂತ.

"ಚುಕ್ಕಿ ಬೆಳ್ಳಗ ಆಗ್ಯಾವ. ಮುಳ್ಳೂ ಬೆಳ್ಳಗ ಆಗ್ಯಾವ. ಏನ್ ಮಾಡಿದ್ರಿ ಇದಕ್ಕ?"

ಆಮೇಲೆ ಅವರೇ ಬಿಡಿಸಿ ಹೇಳಿದರು. ಅದು ಹಳೆಯ ವಾಚಲ್ಲ, ಹೊಸದು. ಹಿಂದಿನ ಕಾಲದಲ್ಲಿ ಸಮುದ್ರಕ್ಕೆ ಇಳಿಯುವವರು ಕಟ್ಟುತ್ತಿದ್ದ ವಾಚಿನ ನಮೂನೆಯಲ್ಲಿ, ವಾಚು ಕೂಡಿಡುವ ಜನಕ್ಕೆಂದೇ ಕಂಪನಿಯವರು ಮಾಡಿದ್ದು. ಹಳೆಯ ವಾಚಿನ ಚುಕ್ಕಿಗಳು ಕಾಲ ಕಳೆದಂತೆ ಯಾವ ಬಣ್ಣಕ್ಕೆ ತಿರುಗುತ್ತವೋ ಆ ಬಣ್ಣದ ಮದ್ದನ್ನು ಕಾರ್ಖಾನೆಯಲ್ಲೇ ಬೇಕೆಂದು ತುಂಬಿದ್ದರು. ಸಾಹುಕಾರರು ಅದನ್ನು ಕೊಂಡದ್ದೇ ಆ ಬಣ್ಣಕ್ಕೆ. ಹೊಸದನ್ನು ಹಳೆಯದರಂತೆ ಮಾಡುವವರು ಈ ಲೋಕದಲ್ಲಿ ಇದ್ದಾರೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಅಣ್ಣ ವಾಚನ್ನು ಇಸಿದುಕೊಂಡ. ಮೂಗಿಗೆ ಹಿಡಿದ, ಬಿಸಿಲಿಗೆ ಹಿಡಿದ, ತಿರುಗಿಸಿದ. ಕಡೆಗೆ ಮೆಲ್ಲಗೆ ಕೇಳಿದ. "ಈಗ ಯಾವ ಬಣ್ಣ ಐತ್ರಿ?"

ಸಾಹುಕಾರರು ಅವನ ಮುಖ ನೋಡಿದರು. ಅವರಿಗೆ ಎಲ್ಲ ತಿಳಿಯಿತು.

"ಕಣ್ಣು ಹೋಗ್ಯಾವೇನ್ರಿ ನಿಮಗ? ಮೊದಲಾ ಹೇಳ್ಬಾರದಿತ್ತೇನು? ನಾ ಕುಡ್ಡರ ಕೈಯಾಗ ಕೊಟ್ಟಂಗಾತಲ್ಲ!"

ಎದುರಿನ ಅಂಗಡಿಯಲ್ಲಿ ಬಳೆಯ ಸಪ್ಪಳ ನಿಂತಿತು. ಅಣ್ಣ ಮೇಜಿನ ಮೇಲೆ ಕೈ ಆಡಿಸಿ ಪೆಟ್ರೋಲಿನ ಬಟ್ಟಲನ್ನು ಮುಟ್ಟಿದ. "ತುಂಡೆಲ್ಲಾ ಇದರಾಗ ತೊಳದೆ," ಅಂದ, ತನಗೇ ಹೇಳಿಕೊಳ್ಳುವಂತೆ. "ಡಯಲ್‌ನೂ ಅದ್ದಿದೆನೇನು? ಮ್ಯಾಲಿನ ಬಣ್ಣ ಎದ್ದು ಹೋತೇನು?" ನನ್ನ ಕಡೆ ತಿರುಗಿದ. "ತಂಗಿ, ನಾ ಡಯಲ್ ತೊಳದೆನೇನು?"

"ಇರಬೇಕಣ್ಣ," ಅಂದೆ.

ಆ ಮಾತು ಬಾಯಿಂದ ಹೊರಗೆ ಬಂದಾಗ ನನಗೆ ನಾನೇ ಒಂದು ಸಮಾಧಾನ ಹೇಳಿಕೊಂಡೆ. ನನ್ನ ಕೈಗೆ ಕೊಡುವುದಿಲ್ಲ ಎಂದು ಅಣ್ಣ ಮಾತು ಕೊಟ್ಟಿದ್ದ. ನಾನು ನಿಜ ಹೇಳಿದರೆ ಅವನ ಮಾತು ಸುಳ್ಳಾಗುತ್ತದೆ. ಇದು ಅವನ ಮರ್ಯಾದೆಗಾಗಿ ಎಂದು. ಸಾಹುಕಾರರು ವಾಚು ತೆಗೆದುಕೊಂಡು ಹೊರಟುಹೋದರು. ಬಾಗಿಲಲ್ಲಿ ನಿಂತು, "ನಿಮ್ಮ ಕೈ ಗುಣ ಭಾಳ ನಂಬಿದ್ದೆ," ಅಂದದ್ದು ಬೈಗುಳಕ್ಕಿಂತ ಜೋರಾಗಿ ತಾಗಿತು.

ಅವರು ಹೋದ ಮೇಲೆ ಅಣ್ಣ ಸ್ಟೂಲಿನ ಮೇಲೆ ಕೂತ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ಕೇಳಿದ. ಈಗ ಅಂಗಡಿಯಲ್ಲಿ ನಾವಿಬ್ಬರೇ.

"ನೀ ಒಂದಾ ಚುಕ್ಕಿ ತುಂಬಿದ್ದಿ, ಹೌದಲ್ಲ?"

ಈಗ ಯಾರ ಮರ್ಯಾದೆಯೂ ಅಡ್ಡ ಇರಲಿಲ್ಲ. ಅವನು ಬೈಯುವ ದನಿಯಲ್ಲಿ ಕೇಳಲಿಲ್ಲ. ಮುಳ್ಳು ಕೂರಿಸುವಾಗ "ಹೇಳು" ಅನ್ನುತ್ತಿದ್ದನಲ್ಲ, ಅದೇ ದನಿಯಲ್ಲಿ ಕೇಳಿದ.

"ಹೂಂ ಅಣ್ಣ. ಒಂದಾ."

ಅವನು ತಲೆಯಾಡಿಸಿದ. ಚಿಮಟಿಗಳನ್ನು ಒರೆಸಿ ಡಬ್ಬಿಯಲ್ಲಿ ಇಟ್ಟ. ಮರುದಿನದಿಂದ ಅಂಗಡಿಗೆ ಬರಲಿಲ್ಲ.

ಕೆಲವು ದಿನ ಹೋದರೆ ಸರಿಹೋಗುತ್ತಾನೆ ಅಂದುಕೊಂಡೆ. ಸೆಲ್ ಹಾಕುವುದು, ಬೆಲ್ಟ್ ಹಾಕುವುದು, ರೇಡಿಯಂ ತುಂಬುವುದು, ಇಷ್ಟರಲ್ಲಿ ಅಂಗಡಿ ನಡೆಯಿತು. ಚಾವಿ ವಾಚು ಬಂದರೆ ಅಣ್ಣ ಬರಲಿ ಎಂದು ವಾಪಸ್ ಕಳಿಸುತ್ತಿದ್ದೆ. ಅವನ ಮನೆಗೆ ಹೋದರೆ ಅವನ ಹೆಂಡತಿ, ನಮ್ಮ ವೈನಿ, ಬೇರೆಯೇ ಹೇಳಿದಳು.

"ಏನಾಗೇತವ್ವ ನಿಮ್ಮಣ್ಣಗ? ಗ್ಯಾಸ್ ಆರಿಸೀನೇನು ಅಂತ ಹತ್ತು ಸಲ ಕೇಳ್ತಾರ. ಗುಳಿಗಿ ತಗೊಂಡು, ತಗೊಂಡೀನೇನು ಅಂತ ಕೇಳ್ತಾರ. ನಿನ್ನೆ ಉಂಡು ಕೈ ತೊಳಕೊಂಡು ಬಂದು, ಉಂಡೆನಲ್ಲ ಅಂತ ನನ್ನ ಮುಖ ನೋಡಿದ್ರು. ನನಗ ಹೆದರಿಕಿ ಆಗೈತಿ."

ಅವನಿಗೆ ಮರೆವು ಬಂದಿರಲಿಲ್ಲ. ಎಲ್ಲ ನೆನಪಿತ್ತು, ನೆನಪನ್ನು ನಂಬುತ್ತಿರಲಿಲ್ಲ ಅಷ್ಟೆ. ಡಯಲನ್ನು ತೊಳೆದದ್ದು ಅವನಿಗೆ ನೆನಪಿರಲಿಲ್ಲ, ಯಾಕೆಂದರೆ ತೊಳೆದೇ ಇರಲಿಲ್ಲ. ಆದರೆ ಅವನ ಕಣ್ಣಾಗಿದ್ದ ನಾನು ತೊಳೆದಿರಬೇಕು ಅಂದಿದ್ದೆ. ನನ್ನನ್ನು ನಂಬಿ ತನ್ನನ್ನು ಬಿಟ್ಟುಕೊಟ್ಟಿದ್ದ. ವೈನಿಯ ಎದುರು ಇದೆಲ್ಲ ನನಗೆ ಹೊಳೆಯಿತು. ಆಗಲೂ ಬಾಯಿ ಬಿಡಲಿಲ್ಲ. ಕಣ್ಣಿನ ಆಪರೇಷನ್ ಮಾಡಿಸೋಣ ವೈನಿ, ಎಲ್ಲ ಸರಿ ಆಗತೈತಿ ಅಂದೆ. ಕಣ್ಣು ಬಂದರೆ ನಾನು ಹೇಳಬೇಕಾದದ್ದು ಹೇಳದೆಯೇ ತೀರುತ್ತದೆ ಎಂಬ ಆಸೆ.

ಕೊಪ್ಪಳದ ದವಾಖಾನೆಯಲ್ಲಿ ಒಂದು ಕಣ್ಣು, ಆಮೇಲೆ ಇನ್ನೊಂದು ಕಣ್ಣು ಮಾಡಿಸಿದೆವು. ಕಡೆಯ ಸಲ ತೋರಿಸಲು ಅವನ ಜೊತೆ ನಾನೊಬ್ಬಳೇ ಹೋಗಿದ್ದೆ. ಡಾಕ್ಟರು ಎಲ್ಲ ಛಲೋ ಆಗೇತಿ ಅಂದರು. ಅಣ್ಣ ಹೊರಗೆ ಬಂದು, ಒಣಗಲು ಹಾಕಿದ್ದ ದವಾಖಾನೆಯ ಹೊದಿಕೆಗಳನ್ನು ನೋಡುತ್ತ ನಿಂತುಬಿಟ್ಟ. "ಬಿಳೀದು ಇಷ್ಟು ಬಿಳಿ ಇರತೈತಿ ಅನ್ನೋದಾ ಮರೆತಿದ್ದೆ," ಅಂದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ. ಗಂಗಾವತಿ ಹತ್ತಿರವಾದಂತೆ ಎರಡೂ ಕಡೆ ಭತ್ತದ ಗದ್ದೆ ಬಂತು. ಹಸಿರು ನೋಡಿ ನೋಡಿ ದಣಿಯಲಿಲ್ಲ ಅವನು.

"ನಾಳೆ ಅಂಗಡಿಗೆ ಬರ್ತಿಯಲ್ಲಣ್ಣ? ಚಾವಿ ವಾಚು ಭಾಳ ಬಂದು ಹೋಗ್ಯಾವ."

"ಬ್ಯಾಡವ್ವ."

"ಈಗ ಕಣ್ಣು ಬಂದಾವಲ್ಲ?"

"ಕಣ್ಣು ಬಂದಾವ. ಡಯಲ್ ಪೆಟ್ರೋಲಿಗೆ ಅದ್ದಿದ ಕೈಗೆ ಅದ್ದಿದ್ದಾ ನೆನಪಿಲ್ಲ. ಅಂಥ ಕೈನ ಹೆಂಗ ನಂಬ್ಲಿ? ನಾಳೆ ಯಾರದೋ ಮಾವ ಕೊಟ್ಟ ವಾಚ್ ಹಾಳು ಮಾಡಿ, ನಾನಲ್ಲ ಅಂತೀನಿ."

ಕಂಡಕ್ಟರ್ ಯಾರ ಜೊತೆಗೋ ಚಿಲ್ಲರೆಗೆ ಜಗಳ ಆಡುತ್ತಿದ್ದ. ಆ ಗದ್ದಲದಲ್ಲಿ ಹೇಳಿದೆ.

"ಅಣ್ಣ, ನೀ ಅದ್ದಿಲ್ಲ. ಚುಕ್ಕಿ ಎಲ್ಲಾ ನಾನಾ ಕೆರದೆ. ನಾನಾ ತುಂಬಿದೆ."

ಅವನು ಕಿಟಕಿಯಿಂದ ತಿರುಗಿ ನನ್ನನ್ನು ನೋಡಿದ. ಹೊಸ ಕಣ್ಣಿನಿಂದ ನನ್ನನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

"ಎಲ್ಲಾ?"

"ಹೂಂ. ಮುಳ್ಳೂ."

"ಗೀರು ಬಿದ್ದಿಲ್ಲೇನು?"

"ಇಲ್ಲ."

"ಕೆಲಸ ಛಲೋ ಮಾಡಿದಿ ಬಿಡು," ಅಂದ. ಮತ್ತೆ ಕಿಟಕಿಯ ಕಡೆ ತಿರುಗಿದ. ಅವನು ಬೈದಿದ್ದರೆ, ಬಸ್ಸಿನಲ್ಲೇ ಎದ್ದು ಹೊಡೆದಿದ್ದರೆ ಚೆನ್ನಾಗಿತ್ತು.

ಆಮೇಲೆ ನಾನು ಕುಷ್ಟಗಿಗೆ ಹೋದೆ. ಸಾಹುಕಾರರು ಕ್ವಾರಿಯ ಆಫೀಸಿನಲ್ಲಿ ಕೂತಿದ್ದರು. ಕೈಯಲ್ಲಿ ಅದೇ ವಾಚು. ಕಂಪನಿಗೆ ಕಳಿಸಿ ಹೊಸ ಡಯಲ್, ಹೊಸ ಮುಳ್ಳು ಹಾಕಿಸಿದ್ದರು, ಚುಕ್ಕಿಗಳು ಮತ್ತೆ ಬೆಣ್ಣೆ ಬಣ್ಣಕ್ಕೆ ಬಂದಿದ್ದವು. ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಕೇಳಿ ಒಂದು ಕ್ಷಣ ನೆನಪು ಮಾಡಿಕೊಂಡರು.

"ಆತು ಬಿಡವ್ವ. ಯಾರ ಮಾಡಿದ್ರೇನೀಗ? ನಾನೂ ಬಾವ್ಯಾಗ ಗುಂಡಿ ಒತ್ತಬಾರದಿತ್ತು. ಚಾ ಕುಡಿ."

"ಅಣ್ಣಗ ಒಂದು ಮಾತು ಹೇಳ್ರಿ ಸಾಹುಕಾರ್ರ. ಅವತ್ತು ಕುಡ್ಡ ಅಂದ್ರಿ."

"ಅಂದಿದ್ನೇನು?" ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. "ಗಂಗಾವತಿ ಕಡೆ ಬಂದಾಗ ಹೇಳ್ತೀನಿ, ತಗೊ."

ಇನ್ನೂ ಬಂದಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರದು ಸಿಟ್ಟಿನಲ್ಲಿ ಬಂದ ಮಾತು, ಸಿಟ್ಟು ಇಳಿದ ಮೇಲೆ ಹೋಯಿತು. ನಾನು ಅಣ್ಣನಿಗೆ ಹೇಳಿದ ಸುಳ್ಳು ಹಾಗಲ್ಲ.

ಅಣ್ಣ ಅಂಗಡಿಗೆ ಬಂದ. ಬಸ್ಸಿನ ಮಾತಾಗಿ ಕೆಲವು ದಿನಗಳ ಮೇಲೆ, ಯಾರೂ ಕರೆಯದೆ ಬಂದು ತನ್ನ ಜಾಗದಲ್ಲಿ ಕೂತು ಚಿಮಟಿಯ ಡಬ್ಬಿ ತೆಗೆದ. ಗಿರಾಕಿಗಳು ಮರಳಿ ಬಂದರು. ಅವನ ಕೈ ಮೊದಲಿನ ಹಾಗೇ ಇದೆ. ಈಗ ಕಣ್ಣೂ ಇದೆ, ಹಾಗಾಗಿ ಮುಳ್ಳು ಕೂರಿಸುವಾಗ "ಹೇಳು" ಅನ್ನುವುದಿಲ್ಲ. ನನ್ನ ಜೊತೆ ಮಾತಾಡುತ್ತಾನೆ. ನನ್ನ ಡಬ್ಬಿಯಿಂದ ರೊಟ್ಟಿ ತೆಗೆದು ತಿನ್ನುತ್ತಾನೆ, ಪಲ್ಯಕ್ಕೆ ಉಪ್ಪು ಕಡಿಮೆ ಎಂದು ಮೊದಲಿನಂತೆಯೇ ಅನ್ನುತ್ತಾನೆ. ಹೊರಗಿನವರಿಗೆ ಏನೂ ಬದಲಾದಂತೆ ಕಾಣುವುದಿಲ್ಲ.

ಬದಲಾದದ್ದು ಒಂದೇ. ಒಂದು ವಾಚನ್ನು ಬಿಚ್ಚುವ ಮೊದಲು, ಮತ್ತೆ ಮುಚ್ಚುವ ಮೊದಲು, ಅಣ್ಣ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಎದ್ದು ಬಾಗಿಲಿಗೆ ಹೋಗುತ್ತಾನೆ. ಬೀದಿಯ ಆಚೆಗೆ ಕೈ ಚಾಚುತ್ತಾನೆ.

"ಆಪಾ, ಇದರ ಚುಕ್ಕಿ ಯಾವ ಬಣ್ಣ?"

ಮೊದಲ ಸಲ ಆಪಾ ನಕ್ಕುಬಿಟ್ಟಿದ್ದಳು. "ಆಪರೇಷನ್ ಮಾಡ್ಸಿದ ಮ್ಯಾಲೂ ಕಾಣವಲ್ದೇನು ಭಾಯಿ? ಇಲ್ಲಾಂದ್ರ ಪಕ್ಕದಾಗ ಹದ್ದಿನ ಕಣ್ಣಿನ ತಂಗೀನ ಕೂರಿಸ್ಕೊಂಡೀಯಲ್ಲ, ಆಕೀನ ಕೇಳು. ನನಗ್ಯಾಕ ಕೇಳ್ತಿ?"

ಅಣ್ಣ ಕೈ ಚಾಚಿಕೊಂಡೇ ನಿಂತಿದ್ದ. ಆಪಾ ನನ್ನ ಕಡೆ ನೋಡಿದಳು, ಅವನ ಕಡೆ ನೋಡಿದಳು. ನಗು ಬಿಟ್ಟು, ಸೀರೆಗೆ ಬಳೆ ಹೊಂದಿಸುವಾಗ ನೋಡುವ ಹಾಗೆ ಕಣ್ಣು ಕಿರಿದು ಮಾಡಿ ನೋಡಿದಳು. ಅಂದಿನಿಂದ ಅವಳೂ ತಮಾಷೆ ಮಾಡುವುದಿಲ್ಲ.

"ಬೆಣ್ಣಿ ಬಣ್ಣ ಭಾಯಿ," ಅನ್ನುತ್ತಾಳೆ. ಅಥವಾ, "ಬಿಳಿ. ತುಸು ಹಸುರು ಹೊಡೀತೈತಿ." ಅಣ್ಣ ತಲೆಯಾಡಿಸಿ ಬಂದು ಕೂರುತ್ತಾನೆ. ಅವಳು ಹೇಳುವುದು ಯಾವಾಗಲೂ ಸರಿಯಿರುತ್ತದೆ. ಅವಳು ಬಾಯಿ ತೆರೆಯುವ ಮೊದಲೇ ನಾನೂ ನೋಡಿರುತ್ತೇನೆ, ನನಗೂ ಅದೇ ಬಣ್ಣ ಕಂಡಿರುತ್ತದೆ, ಆದರೆ ಅವನು ನನ್ನನ್ನು ಕೇಳುವುದಿಲ್ಲ. ತಲೆ ಬಗ್ಗಿಸಿ ನನ್ನ ಕೈಯಲ್ಲಿನ ಕೆಲಸ ಮಾಡುತ್ತಿರುತ್ತೇನೆ.